ಅತೀಂದ್ರಿಯ ಪತ್ತೇದಾರಿ ಕಾದಂಬರಿ

ಕಣ್ಣಿಗೆ ಕಾಣದ್ದನ್ನು ಒಳಗಣ್ಣಿನಿಂದ ಕಾಣಬಲ್ಲ ವ್ಯಕ್ತಿಯೊಬ್ಬರು ಅಪರಾಧದ ಗುಟ್ಟನ್ನು ಬಿಡಿಸುವ ಕಥಾಪ್ರಕಾರವನ್ನು ಅತೀಂದ್ರಿಯ ಪತ್ತೇದಾರಿ ಕಾದಂಬರಿ ಎನ್ನಬಹುದು. ಇದರ ಬಹುಪಾಲು ಕೃತಿಗಳು ಇಂದು ‘ಕೋಜಿ ಮಿಸ್ಟರಿ’ ಎಂಬ ಸೌಮ್ಯ ರಹಸ್ಯಕಥೆಯ ಚೌಕಟ್ಟಿನಲ್ಲಿ ಬರುತ್ತಿದ್ದು, ಇವುಗಳಲ್ಲಿ ಕೊಲೆ ನಡೆದರೂ ರಕ್ತಪಾತದ ವರ್ಣನೆ ಇರುವುದಿಲ್ಲ. ಎಲ್ಲರಿಗೂ ಎಲ್ಲರ ಪರಿಚಯವಿರುವ ಸಣ್ಣ ಊರೋ ಬಡಾವಣೆಯೋ ಕಥೆಯ ನೆಲೆಯಾಗಿದ್ದು, ಪತ್ತೆ ಹಚ್ಚುವವರು ಪೊಲೀಸರಾಗಿರದೆ ಸಾಮಾನ್ಯ ನಿವಾಸಿಗಳಾಗಿರುತ್ತಾರೆ. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಮೊದಲ ಬಾರಿಗೆ ಕಾದಂಬರಿಯಲ್ಲಿ ಕಾಣಿಸಿಕೊಂಡ, 1930ರ ‘ದಿ ಮರ್ಡರ್ ಅಟ್ ದಿ ವಿಕರೇಜ್’ ಈ ಮಾದರಿಯ ಪ್ರಸಿದ್ಧ ಉದಾಹರಣೆ.

ಪತ್ತೇದಾರಿ ಕಥೆ ಓದುಗರೊಂದಿಗೆ ಮಾಡಿಕೊಂಡ ಒಪ್ಪಂದದಂತಿದ್ದು, ಪತ್ತೇದಾರನಿಗೆ ಸಿಕ್ಕ ಸುಳಿವೆಲ್ಲ ಓದುಗರಿಗೂ ಸಿಗಬೇಕೆಂಬುದು ಅದರ ಮುಖ್ಯ ಷರತ್ತು. ಇಂಗ್ಲೆಂಡಿನ ಪಾದ್ರಿಯೂ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ರೂಪಿಸಿದ ಹತ್ತು ನಿಯಮಗಳು ಅಲೌಕಿಕ ಶಕ್ತಿಗಳನ್ನು ಹೊರಗಿಟ್ಟಿದ್ದಲ್ಲದೆ, ಕಾರಣ ಹೇಳಲಾಗದ ಅಂತಃಸ್ಫುರಣೆಯಿಂದ ಪತ್ತೇದಾರನಿಗೆ ಉತ್ತರ ಹೊಳೆಯುವುದನ್ನೂ ನಿಷೇಧಿಸಿದವು. ಹೀಗಾಗಿ ದಿವ್ಯದೃಷ್ಟಿಯುಳ್ಳ ಪತ್ತೇದಾರರು ಈ ಪ್ರಕಾರದ ಮೂಲ ನಿಯಮವನ್ನೇ ಮೀರಿ ಹುಟ್ಟಿದವರು. ಅವರನ್ನು ಸೃಷ್ಟಿಸುವ ಲೇಖಕರ ನಿಜವಾದ ಕೌಶಲ ಆ ಶಕ್ತಿಗೆ ಮಿತಿ ಹಾಕುವುದರಲ್ಲಿದೆ. ಅಮೆರಿಕದ ಶಾರ್ಲೇನ್ ಹ್ಯಾರಿಸ್ ಅವರ ‘ಗ್ರೇವ್ ಸೈಟ್’ (2005), ಸೌಮ್ಯಕಥೆಗಿಂತ ತುಸು ಕಟುವಾದ ಕೃತಿಯಾದರೂ, ಈ ಕೌಶಲವನ್ನು ಚೆನ್ನಾಗಿ ತೋರಿಸುತ್ತದೆ. ಹದಿಹರೆಯದಲ್ಲಿ ಸಿಡಿಲು ಬಡಿದು ಬದುಕುಳಿದ ಅದರ ನಾಯಕಿಗೆ ಶವ ಎಲ್ಲಿದೆ, ಸಾವು ಹೇಗಾಯಿತು ಎಂಬುದು ತಿಳಿಯುತ್ತದೆ, ಆದರೆ ಕೊಂದವರು ಯಾರೆಂಬುದು ತಿಳಿಯುವುದಿಲ್ಲ. ತಿಳಿಯದೆ ಉಳಿದ ಆ ಒಂದು ಸಂಗತಿಯೇ ಇಡೀ ಕಾದಂಬರಿಯನ್ನು ನಡೆಸುತ್ತದೆ. ಕ್ರಿಸ್ಟಿಯ ಹಾದಿ ಬೇರೆ: ‘ದಿ ಸಿಟಾಫರ್ಡ್ ಮಿಸ್ಟರಿ’ಯಲ್ಲಿ (1931) ಪ್ರೇತಾವಾಹನೆಯ ಮೇಜು ಕೊಲೆಯ ಸುದ್ದಿ ಹೇಳಿದರೂ ಅದರ ಹಿಂದೆ ಮನುಷ್ಯನ ಕೈವಾಡವೇ ಇರುತ್ತದೆ.

ಕನ್ನಡದಲ್ಲಿ ಪತ್ತೇದಾರಿ ಸಾಹಿತ್ಯವನ್ನು ಮನೆಮನೆಗೆ ತಲುಪಿಸಿದವರು ಎನ್. ನರಸಿಂಹಯ್ಯ (1925–2011). ನಾಲ್ಕನೇ ತರಗತಿಯವರೆಗೆ ಮಾತ್ರ ಓದಿದ್ದ ಅವರ ಮೊದಲ ಕಾದಂಬರಿ ‘ಪತ್ತೇದಾರ ಪುರುಷೋತ್ತಮನ ಸಾಹಸ’ 1952ರಲ್ಲಿ ಪ್ರಕಟವಾಯಿತು. ಮುಂದೆ ಅವರು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಹಳದಿ–ಕೆಂಪು ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿ (1918–1967) ಕೂಡ ಹೆಸರಾಂತ ಪತ್ತೇದಾರಿ ಕಾದಂಬರಿಕಾರರೇ. ಸಾವಿರಾರು ಜನರಿಗೆ ಕನ್ನಡ ಓದುವ ಹುಚ್ಚು ಹಿಡಿಸಿದ ಈ ಬರಹಕ್ಕೆ ವಿಮರ್ಶೆ ತೋರಿದ ಉಪೇಕ್ಷೆ ನ್ಯಾಯವಾದುದಲ್ಲ.

ಅತೀಂದ್ರಿಯ ಪತ್ತೆಯ ಕಲ್ಪನೆಯಂತೂ ಕನ್ನಡ ಜನಜೀವನಕ್ಕೆ ಹೊಸದಲ್ಲ. ಒಡವೆ ಕಳುವಾದಾಗ ‘ಅಂಜನ ಹಾಕಿಸುವ’ ರೂಢಿಯಲ್ಲಿ ವೀಳ್ಯದೆಲೆಗೋ ಹೆಬ್ಬೆರಳಿನ ಉಗುರಿಗೋ ಕಪ್ಪು ಲೇಪ ಹಚ್ಚಿ, ಸಾಮಾನ್ಯವಾಗಿ ಮಗುವೊಂದನ್ನು ಕೂರಿಸಿ, ಆ ಮಿನುಗಿನಲ್ಲಿ ಕಂಡದ್ದನ್ನು ಹೇಳಿಸುತ್ತಾರೆ. ಕಣಿ ಹೇಳುವುದು, ಕವಡೆ ಹಾಕುವುದು, ಕರಾವಳಿ ಹಾಗೂ ಕಾಸರಗೋಡಿನ ಅಷ್ಟಮಂಗಲ ಪ್ರಶ್ನೆ ಇವೆಲ್ಲ ಇದೇ ಬಗೆಯವು. ಅಂಜನದಲ್ಲಿ ಕಂಡ ಮುಖ ಸಾಕ್ಷ್ಯವಲ್ಲ, ನಿರಪರಾಧಿಯ ಮೇಲೆ ಕಳಂಕ ಹೊರಿಸಬಲ್ಲ ಆಪಾದನೆ. ಕಾದಂಬರಿಕಾರರಿಗೆ ಇದಕ್ಕಿಂತ ಸಮೃದ್ಧವಾದ ಸಾಮಗ್ರಿ ಸಿಗುವುದು ಕಷ್ಟ.

ಬೆಂಗಳೂರನ್ನೇ ನೆಲೆಯಾಗಿಸಿಕೊಂಡ ಸೌಮ್ಯ ರಹಸ್ಯಕಥೆಗಳಲ್ಲಿ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರ ಇಂಗ್ಲಿಷ್ ಕಾದಂಬರಿ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ (2022) ಗಮನಾರ್ಹ. ಕಥೆ ನಡೆಯುವುದು 1921ರಲ್ಲಿ. ನಾಯಕಿ ಕಾವೇರಿ ವೈದ್ಯನ ಹೆಂಡತಿ, ಗಣಿತಪ್ರಿಯೆ. ಆಕೆಯ ಬಲ ದಿವ್ಯದೃಷ್ಟಿಯಲ್ಲ, ಸೂಕ್ಷ್ಮ ಗಮನ. ಇಂದಿನ ಬೆಂಗಳೂರಿನ ಬನಶಂಕರಿ, ಜೆ.ಪಿ. ನಗರಗಳಂಥ ಬಡಾವಣೆಗಳಲ್ಲೂ ಬೆಳಗಿನ ಪಾರ್ಕಿನ ನಡಿಗೆ, ದೇವಸ್ಥಾನದ ಜಗಲಿ, ದರ್ಶಿನಿಯ ಕಾಫಿಯ ಸುತ್ತ ಸುದ್ದಿ ಹರಡುವ ಬಗೆ ಸೌಮ್ಯ ರಹಸ್ಯಕಥೆಗೆ ಹೇಳಿಮಾಡಿಸಿದಂತಿದೆ.

ಇಂಥ ಕಾದಂಬರಿಯನ್ನು ಓದುವಾಗ ಒಳಗಣ್ಣಿಗೆ ಕಂಡದ್ದೇನು, ಕೈಗೆ ಸಿಕ್ಕ ಸಾಕ್ಷ್ಯವೇನು ಎಂಬುದನ್ನು ಬೇರೆಬೇರೆಯಾಗಿ ಗಮನಿಸುತ್ತ ಹೋಗುವುದು ಉಪಯುಕ್ತ. ಹಿಂದಿನ ಅಧ್ಯಾಯಗಳಲ್ಲಿ ಒಂದು ಸುಳಿವನ್ನೂ ಕೊಡದೆ, ಕೊನೆಯಲ್ಲಿ ದರ್ಶನವೊಂದರ ಮೂಲಕ ಅಪರಾಧಿಯ ಹೆಸರು ಹೇಳಿಸುವ ಕೃತಿ ಪತ್ತೇದಾರಿ ಕಾದಂಬರಿಯಾಗಿ ಸೋತಂತೆಯೇ.