ಚಂಡಮಾರಿಯೂ ದೇವಾವರ್ಣವಾದವೂ

ಉಗ್ರದೇವತೆಯ ಆರಾಧನೆಯನ್ನು ವಿಮರ್ಶಿಸುವ ಜೈನಕೃತಿಗಳಲ್ಲಿ ಯಶೋಧರನ ಕಥೆಗೆ ಅಗ್ರಸ್ಥಾನವುಂಟು. ಸೋಮದೇವಸೂರಿಯು ಶಕವರ್ಷ 881ರಲ್ಲಿ (ಕ್ರಿ.ಶ. 959) ಗಂಗಧಾರೆಯಲ್ಲಿ ಪೂರೈಸಿದ ‘ಯಶಸ್ತಿಲಕ’, ಪುಷ್ಪದಂತನ ಅಪಭ್ರಂಶ ‘ಜಸಹರಚರಿಉ’, ವಾದಿರಾಜನ ಸಂಸ್ಕೃತ ಕಾವ್ಯ, ಜನ್ನನು ಕ್ರಿ.ಶ. 1209ರಲ್ಲಿ ರಚಿಸಿದ ‘ಯಶೋಧರಚರಿತೆ’ ಇವೆಲ್ಲವೂ ಮಾರಿದತ್ತನು ಚಂಡಮಾರಿಗೆ ನಡೆಸುವ ಬಲಿಯ ಸನ್ನಾಹದಿಂದಲೇ ಕಥೆಯನ್ನು ತೊಡಗುತ್ತವೆ.

ಇದನ್ನು ಸಂಕಲ್ಪಹಿಂಸೆಯ ದೃಷ್ಟಾಂತವೆಂದು ಗ್ರಹಿಸುವುದು ರೂಢಿ. ಅದು ಯುಕ್ತವೂ ಹೌದು. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಯಶೋಧರನೂ ಅವನ ತಾಯಿ ಚಂದ್ರಮತಿಯೂ ನವಿಲು-ನಾಯಿಗಳಾಗಿ ಹುಟ್ಟಿ, ತಿರ್ಯಗ್ಗತಿಯಲ್ಲಿ ಭವಭವಗಳನ್ನು ತೊಳಲಿ, ಕೋಳಿಗಳಾಗಿ ಸತ್ತು, ಕಡೆಗೆ ಅಭಯರುಚಿ-ಅಭಯಮತಿಯರಾಗುತ್ತಾರೆ. ಆದರೆ ಕಥೆಯಲ್ಲಿ ಮತ್ತೊಂದು ಪ್ರಶ್ನೆ ಅಡಗಿದೆ: ಆ ರಕ್ತವು ದೇವಿಗೆ ನಿಜವಾಗಿಯೂ ಬೇಕಾಗಿದ್ದಿತೆ?

ಸಿದ್ಧಾಂತದ ಉತ್ತರವು ಸ್ಪಷ್ಟವಾಗಿದೆ. ದೇವಗತಿಯ ಜೀವರು ಮಾನಸಾಹಾರಿಗಳು. ಮದ್ಯಮಾಂಸಗಳು ಅವರ ಆಹಾರವಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ದರ್ಶನಮೋಹನೀಯದ ಆಸ್ರವಕಾರಣಗಳಲ್ಲಿ ದೇವಾವರ್ಣವಾದವನ್ನೂ ಎಣಿಸುತ್ತದೆ. ದೇವತೆಗಳು ಸುರಾಮಾಂಸಗಳನ್ನು ಸೇವಿಸುವರೆಂದು ಸಾರುವುದೇ ಆ ದೋಷವೆಂದು ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ವಿವರಿಸಿದ್ದಾರೆ. ಹಾಗಾದರೆ ಬಲಿಕೊಡುವವನು ಪಶುವಿಗೆ ಮಾತ್ರವಲ್ಲ, ತಾನು ಪೂಜಿಸುವ ದೇವಿಗೂ ಅಪಚಾರವೆಸಗುತ್ತಾನೆ. ಜನ್ನನ ಕಾವ್ಯಾಂತ್ಯದಲ್ಲಿ ಚಂಡಮಾರಿಯೇ ಜೀವಬಲಿಯನ್ನು ನಿರಾಕರಿಸುವುದು ಈ ತತ್ತ್ವಕ್ಕೆ ಅನುಗುಣವಾಗಿದೆ.

ರಾಜಸ್ಥಾನದ ಓಸಿಯಾದ ಸಚ್ಚಿಕಾದೇವಿಯ ಐತಿಹ್ಯವು ಇದರಿಂದ ಕೊಂಚ ಭಿನ್ನ. ರತ್ನಪ್ರಭಸೂರಿಯ ಉಪದೇಶದಿಂದ ಚಾಮುಂಡೆಯು ಮಾಂಸಬಲಿಯನ್ನು ತೊರೆದಳೆಂದು ಶ್ವೇತಾಂಬರರ ಉಪಕೇಶಗಚ್ಛದ ಪರಂಪರೆಯು ಹೇಳುತ್ತದೆ. ಮೊದಲು ಅವಳು ಬಲಿಯನ್ನು ಒಪ್ಪಿದ್ದಳೆಂಬ ಲೋಕರೂಢಿಯನ್ನು ಅಲ್ಲಿ ಅಲ್ಲಗಳೆದಿಲ್ಲ. ಆದರೂ ಮಹಿಷಮರ್ದಿನಿಯ ರೂಪವು ಉಳಿದು ಬಲಿ ಮಾತ್ರ ಅಳಿಯಿತು. ಮಾನ್ಯಖೇಟದಲ್ಲಿ ಶಕವರ್ಷ 861ರಲ್ಲಿ (ಕ್ರಿ.ಶ. 939) ಇಂದ್ರನಂದಿಯು ರಚಿಸಿದ ‘ಜ್ವಾಲಿನೀಕಲ್ಪ’ದ ಅಧಿದೇವತೆಯಾದ ಜ್ವಾಲಾಮಾಲಿನಿಯೂ ಅಷ್ಟಭುಜೆ, ಮಹಿಷವಾಹನೆ, ಆಯುಧಧಾರಿಣಿ, ಆದರೂ ಚಂದ್ರಪ್ರಭಜಿನನ ಶಾಸನದೇವತೆ.

ಇದರಿಂದ ಒಂದು ಅಂಶವು ಸಿದ್ಧವಾಗುತ್ತದೆ. ಜೈನಾಚಾರ್ಯರು ನಿಷೇಧಿಸಿದ್ದು ದೇವಿಯ ಉಗ್ರರೂಪವನ್ನಲ್ಲ, ಆ ರೂಪದ ಹೆಸರಿನಲ್ಲಿ ನಡೆಯುವ ವಧೆಯನ್ನು. ದೇವರಿಗೆ ಸಮ್ಯಕ್ತ್ವವುಂಟು, ಸಂಯಮವಿಲ್ಲ. ವ್ರತವನ್ನು ಕೈಕೊಳ್ಳಬಲ್ಲವನು ಮನುಷ್ಯನು. ಆದುದರಿಂದಲೇ ಕಥೆಯ ಕೊನೆಯಲ್ಲಿ ಕತ್ತಿಯನ್ನು ಕೆಳಗಿಟ್ಟು ದೀಕ್ಷೆಗೊಳ್ಳುವವನು ಮಾರಿದತ್ತನು.