ಹಳೆಯ ಛಾಯಾಚಿತ್ರದ ಹ್ಯಾಲೋವೀನ್



ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನನ್ನ ಮೊಮ್ಮಗಳು ಕಳೆದ ವಾರ ದೂರವಾಣಿಯಲ್ಲಿ ಒಂದು ಬೇಡಿಕೆ ಮುಂದಿಟ್ಟಳು. ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬಕ್ಕೆ ಗೆಳತಿಯರೆಲ್ಲ ಸೇರಿ ನೂರು ವರ್ಷಗಳ ಹಿಂದಿನ ಮಕ್ಕಳಂತೆ ವೇಷ ಧರಿಸಿ ಕಪ್ಪು-ಬಿಳುಪು ಛಾಯಾಚಿತ್ರ ತೆಗೆಸಿಕೊಳ್ಳುವರಂತೆ. "ತಾತ, ನೀವು ಹಿಸ್ಟರಿ ಮೇಷ್ಟ್ರಲ್ವಾ? ಆಗ ಹೇಗಿತ್ತು ಹೇಳಿ" ಎಂದಳು. ನಿವೃತ್ತನಾದರೂ ಇಂತಹ ಪ್ರಶ್ನೆ ಕೇಳಿ ಸುಮ್ಮನಿರಲಾದೀತೆ? ಅವಳಿಗೆ ಹೇಳಿದ್ದನ್ನೇ ನಿಮಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಈ ಹಬ್ಬದ ಬೇರು ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳಲ್ಲಿದೆ. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಆ ರಾತ್ರಿ ಸತ್ತವರ ಆತ್ಮಗಳು ಸಂಚರಿಸುತ್ತವೆ ಎಂಬ ನಂಬಿಕೆ ಅಲ್ಲಿನ ಜನರಲ್ಲಿತ್ತು. ಮರುದಿನ, ಅಂದರೆ ನವೆಂಬರ್ 1, ಕ್ರೈಸ್ತರಿಗೆ ಸಕಲ ಸಂತರ ದಿನ. ಹೆಚ್ಚುಕಡಿಮೆ ಅದೇ ಋತುವಿನಲ್ಲಿ ನಾವು ಮಹಾಲಯ ಅಮಾವಾಸ್ಯೆಯಂದು ಪಿತೃಗಳನ್ನು ನೆನೆಯುತ್ತೇವೆ. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಐರ್ಲೆಂಡಿನಲ್ಲಿ ಭೀಕರ ಕ್ಷಾಮ ತಲೆದೋರಿದಾಗ ಲಕ್ಷಾಂತರ ಮಂದಿ ಅಮೆರಿಕಕ್ಕೆ ವಲಸೆ ಹೋದರು. ಅವರೊಂದಿಗೆ ಅವರ ಆಚರಣೆಗಳೂ ಹಡಗೇರಿದವು. ಊರಿನಲ್ಲಿ ಗೆಡ್ಡೆಗಳನ್ನು ಕೊರೆದು ದೀಪವಿಡುತ್ತಿದ್ದ ಪದ್ಧತಿಗೆ ಹೊಸ ನೆಲದಲ್ಲಿ ಕುಂಬಳಕಾಯಿ ಒದಗಿಬಂದಿತು.

ಇನ್ನು ಛಾಯಾಚಿತ್ರದ ವಿಚಾರ. 1900ರಲ್ಲಿ ಈಸ್ಟ್‌ಮನ್ ಕೊಡಾಕ್ ಕಂಪನಿಯು ಬ್ರೌನಿ ಎಂಬ ಪೆಟ್ಟಿಗೆ ಕ್ಯಾಮೆರಾವನ್ನು ಕೇವಲ 1 ಡಾಲರಿಗೆ ಮಾರಾಟಕ್ಕಿಟ್ಟಿತು. ಅಂದಿನಿಂದ ಸಾಮಾನ್ಯರ ಮನೆಯ ಅಂಗಳವೂ ಚಿತ್ರದಲ್ಲಿ ದಾಖಲಾಗತೊಡಗಿತು. ಆದರೆ ಆ ಕಾಲದ ಫಿಲ್ಮಿಗೆ ಹೆಚ್ಚು ಬೆಳಕು ಬೇಕಿತ್ತು. ಆದ್ದರಿಂದಲೇ ಹ್ಯಾಲೋವೀನ್ ರಾತ್ರಿಯ ಹಬ್ಬವಾದರೂ ಅದರ ಹಳೆಯ ಮನೆಚಿತ್ರಗಳು ಬಹುಮಟ್ಟಿಗೆ ಹಗಲಿನವು. ಮಕ್ಕಳು ಮೆಟ್ಟಿಲ ಮೇಲೋ ಹಿತ್ತಲಿನಲ್ಲೋ ಅಲುಗಾಡದೆ ನಿಂತಿರುತ್ತಾರೆ. ಅಂದಿನ ಫಿಲ್ಮುಗಳು ಕೆಂಪು ಬಣ್ಣವನ್ನು ಸರಿಯಾಗಿ ಗ್ರಹಿಸುತ್ತಿರಲಿಲ್ಲವಾಗಿ ಅದು ಕಪ್ಪಾಗಿಯೇ ಮೂಡುತ್ತಿತ್ತು. "ಹಾಗಾದರೆ ಮೋಡ ಕವಿದ ಮಧ್ಯಾಹ್ನವೇ ಸರಿ, ಕ್ಯಾಮೆರಾವನ್ನು ಸೊಂಟದ ಎತ್ತರದಲ್ಲಿ ಹಿಡಿಯಲು ನಿಮ್ಮಪ್ಪನಿಗೆ ಹೇಳು" ಎಂದು ಸೂಚಿಸಿದೆ.

ವೇಷಗಳ ಕಥೆಯೂ ಸ್ವಾರಸ್ಯವಾಗಿದೆ. ಮ್ಯಾಸಚೂಸೆಟ್ಸ್‌ನ ಡೆನಿಸನ್ ಕಂಪನಿ 1909ರಲ್ಲಿ 'ಬೋಗಿ ಬುಕ್' ಎಂಬ ಪುಸ್ತಿಕೆಯನ್ನು ಹೊರತಂದಿತು. ನಮ್ಮ ಶಾಲಾ ವಾರ್ಷಿಕೋತ್ಸವಗಳ ಅಲಂಕಾರಕ್ಕೆ ಬಳಸುತ್ತಿದ್ದೆವಲ್ಲ, ಅದೇ ಕ್ರೇಪ್ ಕಾಗದವನ್ನು ಮಾರುವುದು ಅದರ ಉದ್ದೇಶ. ಉಳಿದಂತೆ ಹಳೆಯ ಹಾಸುಬಟ್ಟೆ, ಅಜ್ಜನ ಕೋಟು, ಹಿಟ್ಟಿನ ಚೀಲ ಇವೇ ಮಕ್ಕಳನ್ನು ಭೂತವಾಗಿಯೂ ಬೆದರುಬೊಂಬೆಯಾಗಿಯೂ ಮಾಡುತ್ತಿದ್ದವು. 1937ರಲ್ಲಿ ಬೆನ್ ಕೂಪರ್ ಕಂಪನಿ ಸ್ಥಾಪನೆಯಾಗಿ, ಮುಂದೆ ಪೆಟ್ಟಿಗೆಯಲ್ಲಿ ಬರುವ ಸಿದ್ಧವೇಷಗಳು ಮನೆಮನೆಗೂ ತಲುಪಿದವು. ಕಾಗದದ ವೇಷಕ್ಕೆ ಒಂದು ಎಚ್ಚರಿಕೆಯೂ ಸಲ್ಲುತ್ತದೆ: ಕುಂಬಳಕಾಯಿಯೊಳಗಿನ ಮೇಣದಬತ್ತಿಯ ಬಳಿ ಅದು ಅಪಾಯಕಾರಿ. ವಿದ್ಯುತ್ ದೀಪವನ್ನೇ ಇಡಲು ಹೇಳಿದೆ.

ಅಷ್ಟರಲ್ಲಿ ಅವಳು ತಾನು ಆರಿಸಿದ ಹಳೆಯ ಚಿತ್ರಗಳನ್ನು ಕಳುಹಿಸಿದಳು. ಒಂದರಲ್ಲಿ ಬಿಳಿಯ ಹುಡುಗನೊಬ್ಬ ಮುಖಕ್ಕೆ ಮಸಿ ಬಳಿದುಕೊಂಡು ನಗುತ್ತಿದ್ದ. ಕಪ್ಪು ಜನರನ್ನು ಹೀಗೆ ಅಣಕಿಸುವ ರಂಗಪ್ರದರ್ಶನಗಳು ಅಮೆರಿಕದಲ್ಲಿ 1830ರ ದಶಕದಿಂದಲೇ ಜನಪ್ರಿಯವಾಗಿದ್ದವು. ಆ ಮಸಿ ಹಬ್ಬದ ಅಂಗಳಕ್ಕೂ ಬಂದಿತ್ತು.

ಆ ಚಿತ್ರ ನೋಡಿದಾಗ ನನಗೆ ನೆನಪಾದದ್ದು ನಮ್ಮದೇ ಶಾಲೆ. ಸುಮಾರು 30 ವರ್ಷಗಳ ಹಿಂದೆ ಛದ್ಮವೇಷ ಸ್ಪರ್ಧೆಯಲ್ಲಿ ಬುಡಬುಡಿಕೆಯವನಂತೆ ಕುಣಿದು ಎಲ್ಲರನ್ನೂ ನಗಿಸಿದ ಹುಡುಗನಿಗೆ ತೀರ್ಪುಗಾರನಾಗಿ ನಾನೇ ಪ್ರಥಮ ಬಹುಮಾನ ಕೊಟ್ಟೆ. ಹಿಂದಿನ ಸಾಲಿನಲ್ಲಿ ಒಬ್ಬ ವಿದ್ಯಾರ್ಥಿ ಮಾತ್ರ ತಲೆ ತಗ್ಗಿಸಿ ಕುಳಿತಿದ್ದ. ಅವನ ತಂದೆ ಬುಡಬುಡಿಕೆ ಹಿಡಿದು ಊರೂರು ತಿರುಗಿ ಸಂಸಾರ ಸಾಕುತ್ತಿದ್ದರು. ಅದು ನನಗೆ ತಿಳಿದಿತ್ತು. ಬಹುಮಾನ ಕೊಡುವಾಗ ನೆನಪಾಗಲಿಲ್ಲ. ಮರುದಿನ ಅವನು ಶಾಲೆಗೆ ಬರಲಿಲ್ಲ. ಮೂರನೆಯ ದಿನ ಬಂದಾಗಲೂ ನಾನು ಏನೂ ಹೇಳಲಿಲ್ಲ. ಅವನು ಇದನ್ನು ಓದುತ್ತಿದ್ದರೆ, ಅಂದು ಹೇಳಬೇಕಿದ್ದ ಮಾತನ್ನು ಇಂದು ಹೇಳುತ್ತಿದ್ದೇನೆ: ತಪ್ಪು ನನ್ನದು, ಮಗೂ.

ಈ ಪ್ರಸಂಗವನ್ನು ಮೊಮ್ಮಗಳಿಗೂ ತಿಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಫೋಟೋ ಬೇಡ ತಾತ. ನಾನು ಬೆದರುಬೊಂಬೆ ಆಗ್ತೀನಿ. ಅಜ್ಜಿಯ ಹಳೇ ಸೀರೆ ಇಲ್ಲಿದೆ, ಅದರಲ್ಲೇ ಹೊಲಿಯಬಹುದು" ಎಂದಳು. ಹಿಂದಿನವರಿಂದ ಕೈಕೆಲಸವನ್ನು ಕಲಿಯೋಣ, ಅವರ ಅಣಕವನ್ನು ಅಲ್ಲಿಯೇ ಬಿಡೋಣ. ಇತಿಹಾಸದ ಪಾಠವನ್ನು ಇಷ್ಟು ಬೇಗ ಗ್ರಹಿಸಿದ ವಿದ್ಯಾರ್ಥಿನಿ ನನಗೆ ತರಗತಿಯಲ್ಲಿ ಅಪರೂಪವಾಗಿ ಸಿಕ್ಕಿದ್ದಳು.

ಚಿತ್ರ ಬಂದ ಮೇಲೆ ನಿಮಗೂ ತೋರಿಸುತ್ತೇನೆ. ಎಲ್ಲರಿಗೂ ಶುಭವಾಗಲಿ.