ಧಮನಿ

ಧಮನಿ ಎಂದರೆ ಮೂಲದಲ್ಲಿ ಊದುವ ಕೊಳವೆ. ಸಂಸ್ಕೃತದ ‘ಧಮ್’ ಧಾತುವಿಗೆ ಊದು ಎಂದರ್ಥ. ಕುಲುಮೆಯ ತಿದಿ ನೆನೆಸಿಕೊಳ್ಳಿ. ಹಳೆಯ ಗ್ರೀಕರೂ ಮೈಯೊಳಗಿನ ಧಮನಿಯಲ್ಲಿ ಗಾಳಿ ಹರಿಯುತ್ತದೆಂದು ನಂಬಿದ್ದರು. ಸತ್ತವರ ಧಮನಿ ಬರಿದಾಗಿ ಕಾಣುತ್ತಿತ್ತಲ್ಲ! ಹರಿಯುವುದು ರಕ್ತವೆಂದು ತೋರಿಸಿದವನು 2ನೇ ಶತಮಾನದ ವೈದ್ಯ ಗ್ಯಾಲೆನ್.

ಪಠ್ಯಪುಸ್ತಕಕ್ಕೆ ಅದು ‘ಅಪಧಮನಿ’, ಹೃದಯದಿಂದ ಹೊರಡುವ ದೊಡ್ಡದು ‘ಮಹಾಪಧಮನಿ’. ಹಳ್ಳಿಮಾತಿಗೆ ಎಲ್ಲವೂ ‘ನರ’ವೇ. ನಾಲೆ ನೀರಿನ ರೈತರಿಗಾದರೆ ಹೀಗೆ ಹೇಳಬಹುದು: ಮಹಾಪಧಮನಿ ಮುಖ್ಯ ನಾಲೆ, ಮಿಕ್ಕವು ಕವಲುಗಾಲುವೆ. ಏರಿ ಸಡಿಲಾದಂತೆ ಮಹಾಪಧಮನಿಯ ಗೋಡೆ ಉಬ್ಬಿದರೂ ಬಹುಕಾಲ ನೋವಿರದು, ಸ್ಕ್ಯಾನಿಂಗ್‌ನಲ್ಲೇ ಗೊತ್ತಾಗುವುದು. ಹೊಟ್ಟೆಯೊಳಗಿನ ಉಬ್ಬು ಗಂಡಸರಲ್ಲಿ 5.5 ಸೆಂ.ಮೀ. ಮುಟ್ಟಿದರೆ ಸಾಮಾನ್ಯವಾಗಿ ಆಪರೇಷನ್ ಇಲ್ಲವೇ ಸ್ಟೆಂಟ್. ಚಿಕ್ಕದಿದ್ದರೆ ಬಿಪಿ ಹತೋಟಿ, ಆಗಾಗ ಅಳತೆ. ಬೀಡಿ ಸೇದುವ ಯಜಮಾನರೇ, ದಿಢೀರನೆ ಹೊಟ್ಟೆ, ಬೆನ್ನು ಜೋರಾಗಿ ನೊಂದರೆ ‘ನರ ಹಿಡಿದಿದೆ’ ಎಂದು ಮಲಗಬೇಡಿ, ಆಸ್ಪತ್ರೆಗೆ ಹೊರಡಿ.